ತೋಳಿನೊಳಗಿನ ಕಾಳು

ಮೆಣಸಿನಕಾಯಿ ಪೇಟೆಯ ಹಮಾಲರಿಗೆ ಗುತ್ತಿಗೆದಾರ ಈರಸಂಗಪ್ಪ ಬೆಳಗಿನ ಚಹಾದ ಜೊತೆ ನೋವಿನ ಗುಳಿಗೆ ಕೊಡುತ್ತಿದ್ದ. ಅದು ಅಫೀಮಿನ ಜಾತಿಯ ಗುಳಿಗೆ. ಇಬ್ಬರು ಹೊರಬೇಕಾದ ಚೀಲವನ್ನು ಒಬ್ಬೊಬ್ಬರೇ ಹೊತ್ತರು. ಕೆಲವು ವರ್ಷಗಳ ನಂತರ ಅವನು ಗುಳಿಗೆ ಕೊಡುವುದನ್ನು ನಿಲ್ಲಿಸಿದ. ಔಷಧದ ಅಂಗಡಿಯ ಬಾಗಿಲು ಮುರಿದು ಗುಳಿಗೆ ಕದ್ದ ಹಮಾಲ ದಾವಲಸಾಬ ನದಾಫನಿಗೆ ಮೂರು ವರ್ಷ ಶಿಕ್ಷೆಯಾಯಿತು. ಈರಸಂಗಪ್ಪ ಪುರಸಭೆಯ ಅಧ್ಯಕ್ಷನಾದ.

ಇದೆಲ್ಲ 2058ರ ಆಸುಪಾಸಿನ ಮಾತು. ಚೀಲ ಎತ್ತುವ ಯಂತ್ರಗಳು ಆಗ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದವು. ಆದರೆ ಯಂತ್ರ ಕೆಟ್ಟರೆ ರಿಪೇರಿ ಮಾಡಿಸಬೇಕು. ಮನುಷ್ಯನ ಬೆನ್ನು ಕೆಟ್ಟರೆ ಪೇಟೆಯ ಬಾಗಿಲಲ್ಲೇ ಇನ್ನೊಂದು ಬೆನ್ನು ಕಾಯುತ್ತ ನಿಂತಿರುತ್ತಿತ್ತು.

ಬಿಡುಗಡೆಗೆ ಮುಂಚಿನ ವಾರ ಜೈಲಿನ ದವಾಖಾನೆಯಲ್ಲಿ ಡಾಕ್ಟರ್ ನೀಲಗಂಗಾ ಹಡಪದ ಅವರು ದಾವಲಸಾಬನ ಎಡತೋಳಿನ ಚರ್ಮದಡಿ ಜೋಳದ ಕಾಳಿನಷ್ಟು ಚಿಕ್ಕ ವಸ್ತುವೊಂದನ್ನು ಸೇರಿಸಿದರು. ಅದನ್ನು ಕಂಡುಹಿಡಿದವರೂ ಅವರೇ.

"ಇಷ್ಟ ಏನ್ರಿ ಬಾಯಾರ? ಇದಕ್ಕ ಇಷ್ಟು ದೊಡ್ಡ ಹೆಸರು ಮಾಡ್ಯಾರಲ್ರಿ ಪೇಪರ್‌ನ್ಯಾಗ!"

"ಇಷ್ಟ ನೋಡು. ಇದರಾಗ ಎರಡು ಖೋಲಿ ಅದಾವ," ಎಂದರು ನೀಲಗಂಗಾ, ಹತ್ತಿ ಒತ್ತುತ್ತ.

ಮೊದಲ ಖೋಲಿಯಿಂದ, ಅಂದರೆ ಕೋಣೆಯಿಂದ, ವರ್ಷವಿಡೀ ಗುಳಿಗೆಯದೇ ಜಾತಿಯ ಸೌಮ್ಯವಾದ ಒಂದು ಔಷಧ ತೊಟ್ಟುತೊಟ್ಟಾಗಿ ಇಳಿಯುತ್ತದೆ. ಮಿದುಳಿನಲ್ಲಿ ಗುಳಿಗೆ ಬಂದು ಕೂರುವ ಜಾಗದಲ್ಲಿ ಅದೇ ಮೊದಲು ಹೋಗಿ ಕೂತು, ಗುಳಿಗೆಯ ಹಂಬಲವನ್ನು ತಣ್ಣಗಿಡುತ್ತದೆ. ಎರಡನೆಯ ಖೋಲಿ ಅಪಾಯದ ಹೊತ್ತಿನದು. ಜೈಲಿನಿಂದ ಹೊರಬಿದ್ದ ಮೊದಲ ವಾರಗಳಲ್ಲೇ ಇಂಥವರು ಹೆಚ್ಚು ಸಾಯುತ್ತಿದ್ದರು. ಒಳಗಿದ್ದಾಗ ಮೈ ಅಮಲನ್ನು ತಾಳುವುದನ್ನು ಮರೆತಿರುತ್ತದೆ, ಮನಸ್ಸು ಮಾತ್ರ ಹಳೆಯ ಅಳತೆಯನ್ನು ಮರೆತಿರುವುದಿಲ್ಲ. ಆ ಹಳೆಯ ಅಳತೆಯನ್ನೇ ತೆಗೆದುಕೊಂಡವನ ಉಸಿರು ನಿಲ್ಲುತ್ತದೆ. ಹಾಗೆ ಉಸಿರು ಕುಂದಿದರೆ ಎರಡನೆಯ ಖೋಲಿ ತಾನಾಗಿ ತೆರೆದು, ವಿಷವನ್ನು ಇಳಿಸುವ ಮದ್ದನ್ನು ರಕ್ತಕ್ಕೆ ಬಿಡುತ್ತದೆ. ಜೊತೆಗೆ, ಅವನೇ ಆರಿಸಿದ ಮೂವರ ಬೆರಳಲ್ಲಿರುವ ಉಂಗುರಗಳು ಬಿಸಿಯಾಗುತ್ತವೆ.

"ಪೊಲೀಸ್ರ ಬೆರಳಿಗೂ ಹಾಕ್ತೀರೇನ್ರಿ?"

"ಇಲ್ಲ. ನೀ ಹೇಳಿದ ಮೂರು ಮಂದಿಗಷ್ಟ. ಹುಬ್ಬಳ್ಳಿಯಂಥ ಊರಾಗ ಒಂದ ವಠಾರದ ಮೂವರು ಉಂಗುರ ಇಟ್ಕೋತಾರ. ದವಾಖಾನಿ ಇಲ್ಲದ ಹಳ್ಳ್ಯಾಗ ಕುರಿ ಕಾಯೋರು ಸುದ್ದಾ ಹಾಕ್ಕೊಂಡಾರ. ಯಾರು ಓಡಿ ಬರ್ತಾರೋ ಅವರ ಹೆಸರು ಹೇಳು."

ಅಕ್ಕ ಮಾಲನಬಿಯ ಹೆಸರು ಕೂಡಲೇ ಬಂತು. ಚಹಾದಂಗಡಿಯ ಫಕ್ಕೀರಪ್ಪನ ಹೆಸರೂ ಬಂತು. ಮೂರನೆಯದಕ್ಕೆ ದಾವಲಸಾಬ ಬಹಳ ಹೊತ್ತು ತಲೆ ಕೆರೆದುಕೊಂಡ.

"ನಮ್ಮ ಓಣಿ ಚನ್ನವ್ವ, ಬಸ್ ಕಂಡಕ್ಟರ್ ಆಗಿದ್ದಾಕಿ. ನನ್ನ ಕಂಡ್ರ ಆಗೂದಿಲ್ರಿ ಆಕಿಗೆ. ಆದ್ರ ಓಣ್ಯಾಗ ಯಾರ ಬಿದ್ರೂ ಬೈಕೋತ ಮೊದಲ ಓಡಾಕಿ ಆಕಿನ."

ನೀಲಗಂಗಾ ನಕ್ಕರು. ಆಮೇಲೆ ನಗು ನಿಲ್ಲಿಸಿ, ಗ್ಲೌಸು ಕಳಚುತ್ತ ಹೇಳಿದರು: "ಹಂಬಲ ತಣಿಸೋ ಔಷಧ ನಮ್ಮ ಅಜ್ಜನ ಕಾಲದಾಗೂ ಇತ್ತಪಾ. ಉಸಿರು ತರೋ ಮದ್ದೂ ಇತ್ತು. ಜೈಲಿನ ಗೇಟಿನ ತನಕ ಒಯ್ದು ಕೊಡೋರು ಇರಲಿಲ್ಲ. ನಾ ಕಂಡುಹಿಡಿದದ್ದು ಬರೇ ಡಬ್ಬಿ."

ಆ ಊರಲ್ಲಿ ಜೈಲಿನಿಂದ ಬಂದವನು ನೇರ ಹೊಸ್ತಿಲು ದಾಟುವ ಹಾಗಿಲ್ಲ. ಅಂಗಳದಲ್ಲಿ ನಿಲ್ಲಿಸಿ, ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿ, ಆ ಹೊಗೆಯಲ್ಲಿ ನಿಂತ ಮೇಲೇ ಒಳಗೆ ಪ್ರವೇಶ. ಬೇರೆ ಊರಿನವರು ಒಂದು ಹಿಡಿ ಹಾಕುತ್ತಾರೇನೋ. ಇದು ಮೆಣಸಿನಕಾಯಿ ಪೇಟೆಯ ಊರು, ಮಾಲನಬಿ ಅಲ್ಲಿಯೇ ಮೆಣಸಿನಕಾಯಿಯ ತೊಟ್ಟು ಮುರಿಯುವಾಕೆ. ತಮ್ಮನ ಮೇಲಿನ ಮೂರು ವರ್ಷದ ಪ್ರೀತಿಯನ್ನೆಲ್ಲ ಸೇರಿಸಿ ಅರ್ಧ ಮೊರ ಸುರಿದಳು.

"ನದರು ಹೋಗಲಿ, ಹಾಳಾದ್ದೆಲ್ಲ ಸುಟ್ಟು ಹೋಗಲಿ. ನಿಂದ್ರೋ ದಾವಲ್ಯಾ, ಓಡಬ್ಯಾಡ!"

ದಾವಲಸಾಬ ಓಡಲಿಲ್ಲ. ಉಸಿರು ಬಿಗಿಹಿಡಿದು ನಿಂತ. ಕೆಮ್ಮಿದ, ಮತ್ತೆ ಉಸಿರು ಹಿಡಿದ. ತೋಳಿನೊಳಗಿನ ಕಾಳು ಇವನು ಸಾಯುತ್ತಿದ್ದಾನೆ ಎಂದುಕೊಂಡಿತು. ಎರಡನೆಯ ಖೋಲಿ ತೆರೆಯಿತು. ಆ ಮದ್ದು ಹಂಬಲ ತಣಿಸುವ ಔಷಧವನ್ನೂ ಅದರ ಜಾಗದಿಂದ ಎಬ್ಬಿಸಿಬಿಡುತ್ತದೆ. ಹೀಗಾಗಿ ಆರೋಗ್ಯವಾಗಿದ್ದವನು ನಡುಗುತ್ತ, ವಾಂತಿ ಮಾಡುತ್ತ ಅಂಗಳದಲ್ಲಿ ಕೂತುಬಿಟ್ಟ.

ಮಾಲನಬಿಯ ಬೆರಳು ಸುಟ್ಟಿತು. ಫಕ್ಕೀರಪ್ಪ ಸೋಸುತ್ತಿದ್ದ ಚಹಾವನ್ನು ಗಿರಾಕಿಯ ಕಾಲ ಮೇಲೆ ಸುರಿದು ಓಡಿ ಬಂದ. ಅವನಿಗಿಂತ ಮುಂದೆ ಚನ್ನವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಬಂದ ದಿನಾನ ಸುರು ಹಚ್ಚಿದೇನೋ ಮೂಳಾ? ಏ, ಸರೀರಿ, ಗಾಳಿ ಬಿಡ್ರಿ! ಎಲ್ಲಿ ತಗೊಂಡಿ, ಏನ್ ತಗೊಂಡಿ, ಹೇಳು!"

"ಮೆಣಸಿನ್ಕಾಯಿ… ಚಿಗವ್ವಾ," ಎಂದ ದಾವಲಸಾಬ ವಾಂತಿಯ ನಡುವೆ.

ನಗು, ಕೆಮ್ಮು ಒಟ್ಟಿಗೇ ಎದ್ದವು. ಆ ನಡುಕ ಇಳಿಯುವ ತನಕ ಚನ್ನವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಬೈಯುವುದನ್ನೂ ಬಿಡದೆ. ಅವನು ಕಣ್ಣು ಮುಚ್ಚಿಕೊಂಡು ಒಂದೇ ಯೋಚಿಸುತ್ತಿದ್ದ: ಪೇಟೆಯಲ್ಲಿ ಚೀಲದಡಿ ಕುಸಿದು ಬಿದ್ದಾಗ ಚೀಲ ಒಡೆಯಿತೇ ಎಂದು ನೋಡಲು ಓಡಿ ಬಂದಿದ್ದರು. ತನಗಾಗಿ ಜನ ಓಡಿ ಬಂದದ್ದು ಇದೇ ಮೊದಲು.

ಮರುದಿನ ನೀಲಗಂಗಾ ಬಂದರು. ವಿಷಯ ಕೇಳಿ ಹಣೆಗೆ ಕೈ ಹಚ್ಚಿಕೊಂಡರು. "ಎಲ್ಲಾ ಪರೀಕ್ಷೆ ಮಾಡಿದ್ವಿ. ನಿದ್ದಿ, ಜ್ವರ, ಓಟ, ಈಜು. ಯಾರ ತಲ್ಯಾಗೂ ಮೆಣಸಿನ್ಕಾಯಿ ಹೊಳೀಲಿಲ್ಲ. ನಮ್ಮವ್ವನೂ ನನಗ ಹಿಂಗ ಹೊಗಿ ಹಾಕ್ತಿದ್ಲು, ನೋಡು!" ಕಾಳಿನ ಆ ಖೋಲಿ ತುಂಬಿಸಿ, ಅದಕ್ಕೆ ಈ ಊರಿನ ಕೆಮ್ಮು ಕಲಿಸಲೆಂದು ಮತ್ತೆ ಹೊಗೆ ಹಾಕಿಸಿದರು. ಡಾಕ್ಟರೂ ಸೇರಿ ಇಡೀ ಓಣಿ ಕೆಮ್ಮಿತು. ಕಾಳು ಪಾಠ ಕಲಿಯಿತು.

ದಿನಗಳು ಚೆನ್ನಾಗಿ ಹೋದವು. ದಾವಲಸಾಬ ಪೇಟೆಗೆ ಹೋಗದೆ ಮನೆತನದ ಕಸುಬಿಗೆ ಕೂತ. ಹತ್ತಿ ಹಿಂಜಿ ಗಾದಿ ಹೊಲಿಯತೊಡಗಿದ. ಸಂಜೆ ಫಕ್ಕೀರಪ್ಪನ ಬೆಂಚಿನ ಮೇಲೆ ಹತ್ತಿಯ ಎಳೆ ಮೆತ್ತಿದ ಮೈಯಲ್ಲೇ ಕೂತು ಹರಟುತ್ತಿದ್ದ. ಒಂದು ದಿನ, ನೀಲಗಂಗಾ ನೋಡಿಕೊಳ್ಳುತ್ತಿದ್ದ ಪುರಸಭೆಯ ಚಟ ಬಿಡಿಸುವ ಕೇಂದ್ರಕ್ಕೆ ತಪಾಸಣೆಗೆ ಹೋದಾಗ, ದೊಡ್ಡ ಸುದ್ದಿ ತಂದವನ ಹಾಗೆ ಹೇಳಿದ:

"ಬಾಯಾರ, ನನ್ನ ಬೆನ್ನು ನೋಯ್ತದ್ರಿ!"

"ಅದಕ್ಯಾಕ ಇಷ್ಟು ಖುಷಿ?"

"ಎಷ್ಟೋ ವರ್ಷ ಬೆನ್ನು ಐತೋ ಇಲ್ಲೋ ಗೊತ್ತಿರಲಿಲ್ರಿ. ಈಗ ಭಾಳ ಹೊತ್ತು ಬಗ್ಗಿದ್ರ ಸಾಕು ಮಾಡು ಅಂತದ. ನಾ ಸಾಕು ಮಾಡ್ತೀನಿ. ಅದೂ ಸುಮ್ಮನಾಗ್ತದ."

ವರ್ಷ ತುಂಬುವ ಹೊತ್ತಿಗೆ ಪೇಟೆಯಲ್ಲಿ ಶಾಮಿಯಾನ ಎದ್ದಿತು. ಕಾಳಿನ ಮೊದಲ ಖೋಲಿಯನ್ನು ಸಡಿಲಿಸಿ ಔಷಧವನ್ನು ಇನ್ನಷ್ಟು ಇಳಿಸಿದರೆ ಮೈಕೈ ನೋವೇ ಗೊತ್ತಾಗುವುದಿಲ್ಲ ಎಂಬುದು ಅಧ್ಯಕ್ಷ ಈರಸಂಗಪ್ಪನಿಗೆ ತಿಳಿದಿತ್ತು. ಇಷ್ಟು ಒಳ್ಳೆಯ ಕಾಳು ಜೈಲಿನವರಿಗಷ್ಟೇ ಏಕೆ? ಎಲ್ಲ ಹಮಾಲರಿಗೂ ಪುಕ್ಕಟೆ ಹಾಕಿಸುವ ಯೋಜನೆ ಮಂಜೂರಾಗಿತ್ತು. ಇದು ಚಟ ಬಿಡಿಸುವ ಔಷಧ, ಚೀಲ ಹೊರಿಸುವ ಔಷಧ ಅಲ್ಲ ಎಂದು ನೀಲಗಂಗಾ ವಾದಿಸಿದ್ದರು. ಹಾಗಾದರೆ ಕೇಂದ್ರಕ್ಕೆ ಬೇರೆ ಡಾಕ್ಟರು ಬರುತ್ತಾರೆ ಎಂಬ ಉತ್ತರ ಸಿಕ್ಕಿತ್ತು.

ವೇದಿಕೆಯ ಮೇಲೆ ಒಂದು ಚೀಲ ಇಟ್ಟಿದ್ದರು. ಕೆಳಗೆ ಹಮಾಲರು, ಹೆಚ್ಚಿನವರು ಮೀಸೆ ಮೂಡುತ್ತಿದ್ದ ಹುಡುಗರು, ಪುರಸಭೆಯವರು ಹಂಚಿದ ಚಹಾ ಕುಡಿಯುತ್ತ ಕೂತಿದ್ದರು.

"ಬಾರೋ ದಾವಲ್, ನಮ್ಮ ಹಳೇ ಹುಲಿ!" ಈರಸಂಗಪ್ಪ ಮೈಕಿನಲ್ಲಿ ಕರೆದ. "ಕಾಳು ಹಾಕ್ಕೊಂಡ ಮ್ಯಾಲ ಎಷ್ಟು ಗಟ್ಟಿ ಆಗೀದಿ, ಈ ಹುಡುಗ್ರಿಗೆ ತೋರ್ಸು. ಎತ್ತು."

ದಾವಲಸಾಬ ಬಗ್ಗಿ ಚೀಲದ ಕಿವಿ ಹಿಡಿದ. ನಡು ಚುರುಕ್ ಎಂದಿತು. ಕೈ ಬಿಟ್ಟು ನೆಟ್ಟಗೆ ನಿಂತ.

ಈರಸಂಗಪ್ಪ ಮೈಕಿಗೆ ಕೈ ಅಡ್ಡ ಹಿಡಿದು ಹತ್ತಿರ ಬಂದ. "ಬರೂ ತಿಂಗಳ ಹೊಸ ಕಾಳು ಬೇಕಲ್ಲೋ ನಿನಗ? ಕೇಂದ್ರ ಇರಬೇಕೋ ಬ್ಯಾಡೋ? ಸುಮ್ಮನ ಎತ್ತು."

ಬೇಕಿತ್ತು. ಕಾಳು ಇಲ್ಲದ ತನ್ನ ತೋಳು ಹೇಗಿರುತ್ತದೆ ಎಂದು ದಾವಲಸಾಬನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮುಂದಿನ ಸಾಲಿನಲ್ಲಿ ಕೂತಿದ್ದ ನೀಲಗಂಗಾರನ್ನು ನೋಡಿದ. ಅವರ ಮುಖದಲ್ಲಿ ಎತ್ತು ಎಂದೂ ಇರಲಿಲ್ಲ, ಬೇಡ ಎಂದೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಮೂವರು ಎದ್ದು ನಿಂತಿದ್ದರು. ಉಂಗುರ ಬಿಸಿಯಾಗಿರಲಿಲ್ಲ, ಆದರೂ ಎದ್ದಿದ್ದರು. ಚನ್ನವ್ವ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು.

ಅವನಿಗೆ ಅದೇಕೋ ಹಾಯೆನಿಸಿತು. ಹುಡುಗರ ಕಡೆ ತಿರುಗಿ, ಮೈಕಿಲ್ಲದೆಯೂ ಕೇಳುವ ಹಾಗೆ ಹೇಳಿದ:

"ಇದು ಇಬ್ಬರ ಚೀಲ. ಒಬ್ಬ ಎತ್ತಿದ್ರ ನೋಯ್ತದ. ನೋಯಬೇಕು. ನಾ ಎತ್ತೂದಿಲ್ರಿ ಸಾವ್ಕಾರ್ರ."