ಹನ್ನೊಂದು ಕ್ಯಾಮೆರಾಗಳ ಭಾನುವಾರ

“ಕ್ಯಾಮೆರಾಗೆ ಏನೂ ಆಗಿಲ್ಲ ಮೇಡಂ. ತೆಗೆಯೋ ಕೈ ಅಲ್ಲಾಡಿದೆ, ಅಷ್ಟೇ!”

ತಲೆಯನ್ನೂ ಎತ್ತದೆ ಹಾಗೆಂದುಬಿಟ್ಟ ಅವನು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷ! ಎಂಟು ವರ್ಷದಿಂದ ಛಾಯಾಗ್ರಹಣದ ಮಾಸಪತ್ರಿಕೆಗೆ ಕ್ಯಾಮೆರಾಗಳ ವಿಮರ್ಶೆ ಬರೆಯುತ್ತಿದ್ದವಳು ಅವಳು. ಈ ಕಿರಿದಾದ ರಿಪೇರಿ ಅಂಗಡಿಯಲ್ಲಿ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತ ಈ ಮನುಷ್ಯ ಒಂದು ಫೋಟೋ ನೋಡಿ ಅವಳ ಕೈಗೇ ದೋಷ ಹೊರಿಸುತ್ತಿದ್ದಾನೆ!

“ಸ್ಟ್ಯಾಂಡ್ ಮೇಲಿಟ್ಟು ತೆಗೆದ ಫೋಟೋ ಅದು. ಸ್ಟ್ಯಾಂಡಿಗೂ ಕೈ ನಡುಗುತ್ತಾ?” ಎಂದಳು.

ಈಗ ಅವನು ತಲೆ ಎತ್ತಿದ. ಭೂತಗಾಜು ತೆಗೆದ. ಒಂದು ಕ್ಷಣ ಅವಳನ್ನೇ ನೋಡಿದ.

“ಸ್ಟ್ಯಾಂಡ್ ಮೇಲಾ...?”

“ಹೌದು ರೀ, ಸ್ಟ್ಯಾಂಡ್ ಮೇಲೆ. ಮುಚ್ಚಿದ ಕೋಣೆಯಲ್ಲಿ. ಫ್ಯಾನೂ ಆರಿಸಿ!”

ಅವನು ಮೇಜಿನ ಮೇಲಿದ್ದದ್ದನ್ನೆಲ್ಲ ಬದಿಗೆ ಸರಿಸಿ, ಒಂದು ಅಳತೆಪಟ್ಟಿಯನ್ನು ಓರೆಯಾಗಿ ನಿಲ್ಲಿಸಿದ. ಹತ್ತನೇ ಅಂಕೆಗೆ ಫೋಕಸ್ ಇಟ್ಟು ಕ್ಲಿಕ್ಕಿಸಿದ. ಪರದೆಯ ಮೇಲೆ ಫೋಟೋ ಹಿಗ್ಗಿಸಿ ನೋಡಿದರೆ ಹತ್ತು ಮಸುಕು. ಅದರ ಹಿಂದಿನ ಹನ್ನೆರಡು ಮಾತ್ರ ಕೆತ್ತಿದ ಹಾಗೆ ಸ್ಪಷ್ಟ! ಬೇರೆ ಲೆನ್ಸ್ ಹಾಕಿದ. ಆಗಲೂ ಅಷ್ಟೇ.

“ತಪ್ಪಾಯ್ತು ಮೇಡಂ,” ಎಂದ. “ನಿಮ್ಮ ಕೈ ಸರಿಯಾಗೇ ಇದೆ. ಕ್ಯಾಮೆರಾ ಒಂದು ಕಡೆ ನೋಡು ಅಂದ್ರೆ ಅದರ ಹಿಂದಕ್ಕೆ ನೋಡ್ತಿದೆ. ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ.”

ಇಷ್ಟು ಬೇಗ, ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವ ಗಂಡಸನ್ನು ಅವಳು ನೋಡಿಯೇ ಇರಲಿಲ್ಲ. ಬಾಯಲ್ಲಿ ಸಿದ್ಧವಾಗಿದ್ದ ನಾಲ್ಕು ಖಾರದ ಮಾತುಗಳನ್ನು ನುಂಗಬೇಕಾಯಿತು.

ಅದು ಆಗಷ್ಟೇ ಮಾರುಕಟ್ಟೆಗೆ ಬಂದ ಡಿಎಸ್ಎಲ್ಆರ್ ಕ್ಯಾಮೆರಾ. ತೀರ ಆಟದ ಸಾಮಾನೂ ಅಲ್ಲ, ವೃತ್ತಿಯವರು ಹೊರುವ ದುಬಾರಿ ಯಂತ್ರವೂ ಅಲ್ಲ. ಹವ್ಯಾಸಕ್ಕೆಂದು ಫೋಟೋ ತೆಗೆಯುವವರು ವರ್ಷಗಟ್ಟಲೆ ಆಸೆಪಟ್ಟು ಕೊನೆಗೊಂದು ದಿನ ಕೊಳ್ಳುವಂಥದ್ದು. ವಿಮರ್ಶೆಗೆಂದು ಕಂಪನಿ ಒಂದನ್ನು ಪತ್ರಿಕೆಗೆ ಕಳಿಸಿತ್ತು. ಹಿಡಿತ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು, ಕಣ್ಣಿಟ್ಟು ನೋಡುವ ಕಿಂಡಿ ದೊಡ್ಡದಾಗಿತ್ತು. ಫೋಕಸ್ ಮಾತ್ರ ಹೀಗೆ!

“ಈ ಮಾಡೆಲ್ಲೇ ಹೀಗೋ, ಇದೊಂದೇ ಹೀಗೋ?” ಎಂದು ಕೇಳಿದಳು.

“ಒಂದನ್ನ ನೋಡಿ ಹೇಳಕ್ಕಾಗಲ್ಲ. ಇನ್ನೆರಡು ಬೇಕು. ನನ್ನ ಗಿರಾಕಿಗಳಲ್ಲಿ ಇಬ್ಬರು ತಗೊಂಡಿದ್ದಾರೆ. ಕೇಳಿ ಇಸ್ಕೊಳ್ಳಲಾ?”

“ನಿಮಗ್ಯಾಕೆ ಇಷ್ಟು ಕಷ್ಟ?”

“ನಿಮ್ಮ ಕೈಯನ್ನ ಬೈದಿದ್ದಕ್ಕೆ ದಂಡ ಅಂದ್ಕೊಳ್ಳಿ.”

ಅವಳಿಗೆ ನಗು ಬಂದುಬಿಟ್ಟಿತು. ಛೆ, ನಗಬಾರದಿತ್ತು!

ಆ ವಾರ ದಿನವೂ ಅವಳು ಅಂಗಡಿಗೆ ಹೋದಳು. ಕೆಲಸ ಸಂಜೆ ಐದಕ್ಕೆ ಮುಗಿದರೆ ಐದೂಕಾಲಿಗೆ ಅಲ್ಲಿರುತ್ತಿದ್ದಳು. ಈಜುಕೊಳದ ಬದಿಯಲ್ಲಿ ನಿಂತು, ನೀರಿಗೆ ಹಾರುವ ಈಜುಗಾರರ ಫೋಟೋಗಳನ್ನು ಇಬ್ಬರೂ ಸರದಿಯಲ್ಲಿ ತೆಗೆದರು. ರೈಲು ನಿಲ್ದಾಣದ ಮಬ್ಬು ಬೆಳಕಿನಲ್ಲಿ ಎಷ್ಟು ಚುಕ್ಕೆಚುಕ್ಕೆಯಾಗಿ ಫೋಟೋ ಬರುತ್ತದೆಂದು ನೋಡಿದರು. ಮಾತು ಕ್ಯಾಮೆರಾದಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವನಿಗೆ ಹಳೆಯ ಗೋಡೆ ಗಡಿಯಾರಗಳ ಹುಚ್ಚು. ಅವಳಿಗೆ ಎತ್ತರ ಕಂಡರೆ ಭಯ. ಅವನು ಚಹಾಕ್ಕೆ ಸಕ್ಕರೆಯನ್ನೇ ಹಾಕುತ್ತಿರಲಿಲ್ಲ. ಅವಳು ಇಬ್ಬರ ಸಕ್ಕರೆಯನ್ನೂ ಹಾಕಿಕೊಳ್ಳುತ್ತಿದ್ದಳು.

ಮನೆಯಲ್ಲಿ ಅಪ್ಪ ಇದನ್ನೆಲ್ಲ ಗಮನಿಸದೆ ಇರಲಿಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕನ್ನಡಿಯಲ್ಲಿ ಹಿಂದಿನ ಸೀಟಿನವರ ಮುಖ ಓದಿ ಅಭ್ಯಾಸವಾದವರು. ಈಗ ಬೆಳಿಗ್ಗೆ ಎದ್ದರೆ ಕೆರೆ, ಹಕ್ಕಿ, ಫೋಟೋ. ಅವರೂ ಇದೇ ಕ್ಯಾಮೆರಾ ಕೊಳ್ಳಬೇಕೆಂದು ಕಾದು ಕೂತಿದ್ದರು. ಮಗಳ ವಿಮರ್ಶೆ ಅಚ್ಚಾಗದೆ ಕೊಳ್ಳುವುದಿಲ್ಲ ಎಂದು ಶಪಥ ಬೇರೆ!

“ಪುಟ್ಟೀ, ಕ್ಯಾಮೆರಾ ಹೇಗಿದೆ?”

“ಚೆನ್ನಾಗಿದೆ ಅನ್ಸುತ್ತೆ ಅಪ್ಪಾ.”

“ರಿಪೇರಿಯವನು ಹೇಗಿದ್ದಾನೆ?”

“ಅಪ್ಪಾ...!”

ಅಪ್ಪ ಮೀಸೆಯೊಳಗೇ ನಕ್ಕರು.

ಶುಕ್ರವಾರ ಫಲಿತಾಂಶ ಗೊತ್ತಾಯಿತು. ಅವನು ತಂದ ಎರಡೂ ಕ್ಯಾಮೆರಾಗಳ ಫೋಕಸ್ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಪತ್ರಿಕೆಗೆ ಬಂದದ್ದೊಂದೇ ಕೆಟ್ಟದ್ದು. ಆ ರಾತ್ರಿಯೇ ಅವಳು ಮನಸಾರೆ ಹೊಗಳಿ ವಿಮರ್ಶೆ ಬರೆದಳು.

ಶನಿವಾರ ಬೆಳಿಗ್ಗೆ ಅದನ್ನು ಅವನಿಗೆ ಓದಿ ಹೇಳೋಣವೆಂದು ಅಂಗಡಿಗೆ ಹೋದಳು. ಅವನು ಚಹಾ ತರಲು ಹೋಗಿದ್ದ. ಕಾಗದಗಳನ್ನಿಡಲು ಮೇಜಿನ ಮೇಲೆ ಜಾಗ ಮಾಡುವಾಗ ಬಿಚ್ಚಿಟ್ಟ ಪತ್ರವೊಂದು ಕಣ್ಣಿಗೆ ಬಿತ್ತು. ಮೇಲ್ಗಡೆ ಅದೇ ಕ್ಯಾಮೆರಾ ಕಂಪನಿಯ ಮುದ್ರೆ!

‘ನಿಮ್ಮ ಅಂಗಡಿಯನ್ನು ನಮ್ಮ ಅಧಿಕೃತ ಸರ್ವಿಸ್ ಕೇಂದ್ರವಾಗಿ ನೇಮಿಸಿಕೊಳ್ಳಲು ಸಂತೋಷಪಡುತ್ತೇವೆ...’

ತಾರೀಖು ಎರಡು ವಾರ ಹಿಂದಿನದು. ಅವಳು ಮೊದಲು ಅಂಗಡಿಗೆ ಬರುವುದಕ್ಕೂ ಮುಂಚಿನದು!

ಅವಳು ಪತ್ರವನ್ನು ಕೈಗೆತ್ತಿಕೊಂಡಳು. ಮೂರು ವರ್ಷದ ಹಿಂದೊಮ್ಮೆ ಒಂದು ಕಂಪನಿ ಆರಿಸಿ ಕಳಿಸಿದ ಲೆನ್ಸನ್ನು ನಂಬಿ ಅವಳು ಹೊಗಳಿ ಬರೆದಿದ್ದಳು. ಅಂಗಡಿಗಳಲ್ಲಿ ಮಾರಾಟವಾದವು ಬೇರೆಯೇ ಗುಣಮಟ್ಟದವು. ಓದುಗರು ಬರೆದ ಬೈಗುಳದ ಪತ್ರಗಳು ಈಗಲೂ ಅವಳ ಕಪಾಟಿನಲ್ಲಿದ್ದವು. ಮತ್ತೆ ಹಾಗೇ ಆಯಿತೇ? ಆ ಎರಡು ಕ್ಯಾಮೆರಾಗಳು ನಿಜಕ್ಕೂ ಗಿರಾಕಿಗಳದ್ದೇ? ಅಥವಾ...?

ಅವನು ಎರಡು ಲೋಟ ಹಿಡಿದು ಬಂದ. ಅವಳ ಕೈಯಲ್ಲಿದ್ದ ಪತ್ರ ನೋಡಿದವನ ಮುಖ ಸಣ್ಣದಾಯಿತು.

“ಅದು... ಹೇಳೋಣ ಅಂತಾನೇ ಇದ್ದೆ.”

“ಯಾವಾಗ? ಪತ್ರಿಕೆ ಅಚ್ಚಾದ ಮೇಲಾ?”

“ಒಂದು ನಿಮಿಷ ಕೂತ್ಕೊಳ್ಳಿ, ದಯವಿಟ್ಟು...”

“ಆ ಎರಡು ಕ್ಯಾಮೆರಾ ಕಂಪನಿಯವರೇ ಕೊಟ್ಟಿದ್ದಾ?”

ಅವನು ಲೋಟಗಳನ್ನು ನಿಧಾನವಾಗಿ ಕೆಳಗಿಟ್ಟ. “ನಿಮಗೆ ಹಾಗನ್ನಿಸುತ್ತಾ?”

“ಅನ್ನಿಸುತ್ತೆ!”

ಅವಳು ಹೊರಟೇಹೋದಳು. ಬೀದಿ ತಿರುವಿನವರೆಗೂ ಹಿಂದಿನಿಂದ ಕೂಗು ಬಂದೀತೆಂದು ಕಿವಿ ಕಾದಿತು. ಬರಲಿಲ್ಲ. ಅದಕ್ಕೂ ಅವಳಿಗೆ ಅಳು ಬಂತು.

ಮನೆಗೆ ಬಂದು ವಿಮರ್ಶೆಯ ಕಾಗದಗಳನ್ನು ಮೇಜಿನ ಮೇಲೆ ಬಿಸಾಕಿದಳು. ಅಪ್ಪ ಎಲ್ಲ ಕೇಳಿಸಿಕೊಂಡರು.

“ಕ್ಯಾಮೆರಾಗೆ ಎಷ್ಟು ದಿನ ಕೊಟ್ಟೆ ಪುಟ್ಟೀ?”

“ಒಂದು ವಾರ.”

“ಅವನಿಗೆ?”

ಅವಳು ತಲೆ ತಗ್ಗಿಸಿದಳು.

“ಅವನ ಪರವಾಗಿ ಮಾತಾಡ್ತಿಲ್ಲ ನಾನು. ಅವನು ಮುಚ್ಚಿಟ್ಟಿದ್ದು ತಪ್ಪೇ. ಆದ್ರೆ ಅನುಮಾನ ಬಂದ ಮೇಲೆ ಅದನ್ನ ತೀರಿಸ್ಕೊಬೇಕು ತಾನೇ? ಸುಮ್ನೆ ಮನಸ್ಸಲ್ಲಿಟ್ಕೊಂಡು ಕೊರಗಿದ್ರೆ ಏನು ಬಂತು?”

ಅವಳು ಕಣ್ಣೊರೆಸಿಕೊಂಡಳು. ಸಂಪಾದಕರಿಗೆ ಫೋನು ಮಾಡಿ ಎರಡು ದಿನ ಹೆಚ್ಚಿಗೆ ಕೇಳಿದಳು. ಪತ್ರಿಕೆಯ ಅಂತರ್ಜಾಲ ಪುಟದಲ್ಲಿ ಒಂದು ಪ್ರಕಟಣೆ ಹಾಕಿದಳು. ಹೊಸ ಕ್ಯಾಮೆರಾ ಕೊಂಡ ಓದುಗರು ನಾಳೆ ಬೆಳಿಗ್ಗೆ ಹತ್ತಕ್ಕೆ ಉದ್ಯಾನಕ್ಕೆ ಬನ್ನಿ, ನಿಮ್ಮ ಕ್ಯಾಮೆರಾವನ್ನೂ ತನ್ನಿ!

ಭಾನುವಾರ ಮೂರು ಜನ ಬಂದರೆ ಹೆಚ್ಚು ಎಂದುಕೊಂಡಿದ್ದಳು. ಬಂದವರು ಹನ್ನೊಂದು! ಬ್ಯಾಂಕಿನ ಗುಮಾಸ್ತರು, ಗಣಿತದ ಮೇಷ್ಟ್ರು, ಮೊಮ್ಮಗುವನ್ನು ಎತ್ತಿಕೊಂಡೇ ಬಂದ ಒಬ್ಬರು ಅಜ್ಜಿ. ಎಲ್ಲರ ಕೊರಳಲ್ಲೂ ಒಂದೇ ಕ್ಯಾಮೆರಾ. ಕಲ್ಲುಬೆಂಚಿನ ಮೇಲೆ ಅಳತೆಪಟ್ಟಿ ಓರೆಯಾಗಿ ನಿಂತಿತು. ಅಪ್ಪ ಬಸ್ಸಿಗೆ ಹತ್ತಿಸುವ ದನಿಯಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. “ಒಬ್ಬೊಬ್ಬರಾಗಿ ಬನ್ನಿ, ನೂಕಬೇಡಿ, ಎಲ್ಲರಿಗೂ ಜಾಗ ಇದೆ!”

ಮೊದಲನೆಯದು ಸರಿ. ಎರಡನೆಯದು ಸರಿ. ಮೂರು, ನಾಲ್ಕು, ಐದು... ಎಲ್ಲವೂ ಹತ್ತನೇ ಅಂಕೆಯನ್ನೇ ನೋಡುತ್ತಿದ್ದವು.

ಆರನೆಯವರು ಒಬ್ಬ ಹಲ್ಲಿನ ವೈದ್ಯೆ. ಅಳತೆಪಟ್ಟಿ ನೋಡಿದ್ದೇ ನಕ್ಕುಬಿಟ್ಟರು. “ಅಯ್ಯೋ, ನನ್ನ ಕ್ಯಾಮೆರಾ ಈ ಪರೀಕ್ಷೆ ಆಗಲೇ ಬರೆದು ಪಾಸಾಗಿದೆ! ಹೋದ ವಾರ ನಮ್ಮ ರಿಪೇರಿ ಅಂಗಡಿಯವರು ಇಸ್ಕೊಂಡಿದ್ರು. ನನ್ನದೊಂದು, ನಮ್ಮಣ್ಣಂದೊಂದು. ಯಾರೋ ಪತ್ರಿಕೆಯವರಿಗೆ ಸಹಾಯ ಅಂತ...”

ಅವಳ ಕೈ ಶಟರ್ ಮೇಲೆ ಹಾಗೇ ನಿಂತಿತು.

“ನಿಮ್ಮದು...? ನಿಮ್ಮ ಸ್ವಂತದ್ದಾ?”

“ಮತ್ತೆ? ಮೂರು ತಿಂಗಳು ಗಂಡನ ಹತ್ರ ಜಗಳ ಆಡಿ ತಗೊಂಡಿದ್ದು!”

ಹನ್ನೊಂದರಲ್ಲಿ ಹತ್ತು ಸರಿಯಾಗಿದ್ದವು. ಮೇಷ್ಟ್ರದ್ದೊಂದು ಮಾತ್ರ ತುಸು ಹಿಂದಕ್ಕೆ ನೋಡುತ್ತಿತ್ತು. ಅವರಿಗೆ ರಿಪೇರಿ ಅಂಗಡಿಯ ವಿಳಾಸ ಬರೆದುಕೊಡುವಾಗ ಅಕ್ಷರಗಳು ಮಂಜಾದವು.

‘ಸುಳ್ಳು ಹೇಳಿರಲಿಲ್ಲ ಅವನು... ನಾನೇ ಏನೇನೋ ಅಂದುಬಿಟ್ಟೆ!’

ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಅವನು ಒಂದೇ ಲೆನ್ಸನ್ನು ಒರೆಸುತ್ತ ಕೂತಿದ್ದ. ಅದಾಗಲೇ ಎಷ್ಟು ಹೊಳೆಯುತ್ತಿತ್ತೆಂದರೆ, ಇನ್ನೂ ಒರೆಸುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

“ತಪ್ಪಾಯ್ತು ರೀ,” ಎಂದಳು ಹೊಸ್ತಿಲಲ್ಲೇ ನಿಂತು. “ಇವತ್ತು ಹನ್ನೊಂದು ಕ್ಯಾಮೆರಾ ನೋಡಿದೆ. ನೀವು ಹೇಳಿದ್ದೇ ಸರಿ. ನಿಮಗೆ ಕ್ಯಾಮೆರಾ ಕೊಟ್ಟ ಡಾಕ್ಟರೂ ಸಿಕ್ಕಿದ್ರು.”

ಅವನು ಎದ್ದು ನಿಂತ. “ನೀವು ಪರೀಕ್ಷೆ ಮಾಡಿದ್ದು ಒಳ್ಳೇದಾಯ್ತು. ನಾನು ಹೇಳಿದ್ದನ್ನಷ್ಟೇ ನಂಬಿ ಬರೀಬಾರದು ನೀವು.”

“ಆದ್ರೆ ಆ ಪತ್ರ? ಯಾಕೆ ಹೇಳಲಿಲ್ಲ?”

ಅವನು ಕೈಯಲ್ಲಿದ್ದ ಲೆನ್ಸನ್ನು ಮೇಜಿನ ಮೇಲಿಟ್ಟ.

“ಕಂಪನಿಗೆ ನಾನಿನ್ನೂ ಒಪ್ಪಿಗೆ ಕೊಟ್ಟಿಲ್ಲ. ನಿಮ್ಮ ವಿಮರ್ಶೆ ಅಚ್ಚಾಗೋವರೆಗೂ ಕೊಡಲ್ಲ ಅಂತ ಬರೆದು ಕಳಿಸಿದೆ. ಆದ್ರೆ ನಿಮಗೆ ಮೊದಲ ದಿನಾನೇ ಹೇಳಬೇಕಿತ್ತು. ಹೇಳಿದ್ರೆ ನೀವು ಪರೀಕ್ಷೆಗೆ ಬೇರೆ ಅಂಗಡಿಗೆ ಹೋಗ್ತಿದ್ರಿ. ಹೋಗಲೇಬೇಕಿತ್ತು, ಅದೇ ನ್ಯಾಯ...” ಅವನ ದನಿ ತಗ್ಗಿತು. “ಮೊದಲ ದಿನ ನಾಳೆ ಹೇಳೋಣ ಅಂದ್ಕೊಂಡೆ. ಮಾರನೇ ದಿನ ಐದೂಕಾಲಿಗೆ ನೀವು ಬಂದ್ರಿ. ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ. ನೀವು ಬರೋದು ನಿಂತುಹೋಗುತ್ತಲ್ಲ ಅಂತ.”

ಅವಳ ಕೆನ್ನೆ ಬಿಸಿಯಾಯಿತು. ಅಯ್ಯೋ, ಇಷ್ಟು ಸಣ್ಣ ಅಂಗಡಿಯಲ್ಲಿ ಎಲ್ಲಿ ನೋಡಬೇಕೆಂದೇ ತೋಚುತ್ತಿಲ್ಲವಲ್ಲ!

ಚೀಲದಿಂದ ವಿಮರ್ಶೆಯ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

“ಹನ್ನೊಂದು ಕ್ಯಾಮೆರಾ ವಿಷಯ ಸೇರಿಸಿ ಮತ್ತೆ ಬರೀತೀನಿ. ಕೆಟ್ಟದ್ದು ಸಿಕ್ಕಿದ್ದನ್ನೂ ಬರೀತೀನಿ. ಕೊನೆಯಲ್ಲಿ ನಿಮ್ಮ ಬಗ್ಗೆಯೂ ಒಂದು ಸಾಲು ಬೇಕು. ಓದುಗರಿಗೆ ಏನೂ ಮುಚ್ಚಿಡಬಾರದಲ್ಲ.”

“ಏನಂತ?”

ಅವಳು ಪೆನ್ನು ತೆಗೆದು ಬರೆದಳು, ಓದಿದಳು. “‘ಈ ಪರೀಕ್ಷೆಗೆ ನೆರವಾದ ರಿಪೇರಿಯವರು ಬರೆದವಳಿಗೆ ಪರಿಚಿತರು.’ ಸಾಕಾ?”

“ಪರಿಚಿತರು... ಅಷ್ಟೇನಾ?”

“ನೀವೇ ತಿದ್ದಿ ಹಾಗಾದ್ರೆ.”

ಅವನು ಪೆನ್ನು ತೆಗೆದುಕೊಂಡ. ಹೊಡೆದು ಹಾಕಲೋ ಬೇಡವೋ ಎಂದು ಅವಳ ಮುಖ ನೋಡಿದ. ಅವಳು ಬೇಡವೆನ್ನಲಿಲ್ಲ. ‘ಪರಿಚಿತರು’ ಎಂಬುದರ ಮೇಲೆ ಗೆರೆ ಎಳೆದು, ಅಂಕುಡೊಂಕು ಅಕ್ಷರದಲ್ಲಿ ಬರೆದು ಅವಳತ್ತ ತಿರುಗಿಸಿದ.

‘...ಬರೆದವಳಿಗೆ ಬೇಕಾದವರು.’

ಅವಳು ಅದನ್ನು ಎರಡು ಸಲ ಓದಿದಳು. ಕಣ್ಣು ತುಂಬಿ ಬಂತು, ತುಟಿಯಲ್ಲಿ ಮಾತ್ರ ನಗು.

“‘ತುಂಬಾ’ ಅಂತ ಸೇರಿಸಬಹುದಾ?” ಎಂದು ಕೇಳಿದಳು ಮೆಲ್ಲಗೆ.

“ನಿಮ್ಮ ಸಂಪಾದಕರು ಕತ್ತರಿ ಹಾಕ್ತಾರೆ.”

“ಹಾಕ್ಕೊಳ್ಳಲಿ ಬಿಡಿ,” ಎಂದಳು ಅವಳು, ಅವನ ಬೆರಳುಗಳ ಮೇಲೆ ತನ್ನ ಬೆರಳುಗಳನ್ನಿಡುತ್ತ. “ನಿಮಗೆ ಗೊತ್ತಿದ್ರೆ ಸಾಕು.”