ಪಂಪಿನ ಮೇಲೆ ಉಳಿದ ಬೀಗ

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಪಕ್ಕ, ಮೆಕ್ಕೆಜೋಳದಿಂದ ಸ್ಟಾರ್ಚ್ ತೆಗೆಯುವ ಕಾರ್ಖಾನೆ ಏಳುತ್ತಿದ್ದ ವರ್ಷಗಳಲ್ಲಿ, ಅಲ್ಲಿನ ಜನರನ್ನು ಎರಡು ಪಕ್ಷವಾಗಿ ಒಡೆದ ಘನವಾದ ಪ್ರಶ್ನೆ ಒಂದೇ: ಸೈಟ್ ಆಫೀಸಿನ ಏಕೈಕ ಕೂಲರ್ ಯಾರ ಕಡೆ ಮುಖ ಮಾಡಿರಬೇಕು? ಭೂಮಿ, ನೀರು, ಕರೆಂಟು ಎಲ್ಲ ಮೀಟಿಂಗಿನಲ್ಲಿ ಬಗೆಹರಿದವು. ಕೂಲರ್ ಬಗೆಹರಿಯಲಿಲ್ಲ.

ಬಿಸಿಲಿನಲ್ಲಿ ಪೈಪು, ಪಂಪು ಜೋಡಿಸಿ ಬರುವವರ ಮುಖ್ಯಸ್ಥ ಅರುಣಕುಮಾರ್. ನೆರಳಿನಲ್ಲಿ ಕೂತು, ಆ ಕೆಲಸ ಯಾವಾಗ ಮುಗಿಯಬೇಕಿತ್ತು ಎಂದು ಶೆಡ್ಯೂಲ್ ನೋಡಿ ಹೇಳುವವಳು ಸಮತಾ. ಅರುಣ ಒಳಗೆ ಬಂದವನೇ ಬೂಟಿನ ತುದಿಯಿಂದ ಕೂಲರನ್ನು ಅವಳ ಮೇಜಿನ ಕಡೆ ತಿರುಗಿಸುತ್ತಿದ್ದ. ಅವಳು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, ಕಾಲು ಚಾಚಿ ಅದನ್ನು ಅವನ ಕಡೆಗೇ ತಳ್ಳುತ್ತಿದ್ದಳು.

"ಹಾಳೆಲ್ಲ ಹಾರತಾವ್ರಿ."

"ಹಾರ್ಲಿ ಬಿಡ್ರಿ ಮೇಡಂ. ಹೆಂಗೂ ನಾಳೆ ಹೊಸ ಶೆಡ್ಯೂಲ್ ಬರೀತೀರಿ."

ಆಗ ಅವಳ ತುಟಿಯ ಎಡತುದಿ ಸ್ವಲ್ಪ ಅಲುಗುತ್ತಿತ್ತು. ಅಷ್ಟನ್ನು ನೋಡಲು ಅವನು ಮಧ್ಯಾಹ್ನದ ಬಿಸಿಲಿನಲ್ಲಿ ಇಡೀ ಸೈಟು ದಾಟಿ ಬರುತ್ತಿದ್ದ.

ಇಬ್ಬರದೂ ಹಡಗಲಿ ತಾಲ್ಲೂಕು. ಅವನ ಅಪ್ಪ ಮರುಳಪ್ಪನಿಗೆ ಹಡಗಲಿಯಲ್ಲಿ ಪೈಪು, ಮೋಟಾರಿನ ಅಂಗಡಿ. ಅವಳು ಹಿರೇಹಡಗಲಿಯ ಗಾಳೆಮ್ಮನ ಮಗಳು; ಮನೆಯ ನಡುವಿನ ಗೋಡೆಯ ಮೇಲೆ ಬುದ್ಧನ ಪಟ. ಓಡಾಡುವ ಬಸ್ಸು ಒಂದೇ, ಇಳಿದ ಮೇಲೆ ಹಿಡಿಯುವ ಓಣಿ ಬೇರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ಹಿಂದಿನ ವರ್ಷ ಬಾಯ್ಲರಿನ ಮೆಟ್ಟಿಲ ಮೇಲೆ ಅವನು ಗಂಟಲು ಸರಿಮಾಡಿಕೊಂಡಾಗ ಅವಳೇ ತಡೆದಿದ್ದಳು.

"ನನಗ ಹೇಳಬ್ಯಾಡ. ಮೊದಲು ನಿಮ್ಮ ಮನ್ಯಾಗ ಹೇಳು. ಅವ್ರು ಒಪ್ಪಬೇಕಂತಿಲ್ಲ. ನಿನ್ನ ಬಾಯಿಂದ ಕೇಳಿರಬೇಕು ಅಷ್ಟ."

ಅವನು ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಇಳಿದುಹೋಗಿದ್ದ. ಆಮೇಲೆ ಕೂಲರ್ ತಿರುಗಿತು, ಮಾತು ತಿರುಗಲಿಲ್ಲ. ಕಾರ್ಖಾನೆ ಎದ್ದಿತು. ದುಡಿದು ದುಡಿದು ಎಲ್ಲರ ಮುಖ ಸೆಕೆಂಡ್ ಹ್ಯಾಂಡ್ ಆಯಿತು. ಕಟ್ಟುವವರ ಕೆಲಸ ಮುಗಿದು ಅರುಣನಿಗೆ ಗುಜರಾತಿನ ಸೈಟಿಗೆ ವರ್ಗವಾಯಿತು. ಚಾಲೂ ಮಾಡುವ ಹೊಣೆ ಸಮತಾಳ ಮೇಲೆ ಬಿತ್ತು. ಹೊರಡುವ ಬೆಳಿಗ್ಗೆ ಅವನು ಎಲ್ಲರ ಕೈ ಕುಲುಕಿದಂತೆ ಅವಳದ್ದನ್ನೂ ಕುಲುಕಿದ. "ಬರ್ತೀನ್ರಿ ಮೇಡಂ" ಅಂದ. ಹೋದ.

ಅದೇ ದಿನ ಬಾಯ್ಲರಿಗೆ ನೀರು ಕೊಡುವ ಪಂಪು ಚಾಲೂ ಆಗಬೇಕಿತ್ತು. ಸ್ವಿಚ್ ರೂಮಿಗೆ ಹೋದ ಎಲೆಕ್ಟ್ರಿಷಿಯನ್ ಯರ್ರಿಸ್ವಾಮಿ ಬರಿಗೈಯಲ್ಲಿ ವಾಪಸ್ ಬಂದ.

"ಸ್ವಿಚ್‌ಗೆ ಬೀಗ ಐತ್ರಿ. ಅರುಣಕುಮಾರ್ ಸಾಹೇಬ್ರದು. ಫೋಟೋ ಸಮೇತ."

ಯಂತ್ರಕ್ಕೆ ಕೈಹಾಕುವವನು ಅದರ ಸ್ವಿಚ್ಚಿಗೆ ತನ್ನ ಹೆಸರು, ಫೋಟೋ ಇರುವ ಬೀಗ ಹಾಕಬೇಕು, ಕೆಲಸ ಮುಗಿಸಿ ತಾನೇ ತೆಗೆಯಬೇಕು. ಒಳಗೆ ಕೈಯಿದ್ದಾಗ ಹೊರಗಿನವರು ಯಂತ್ರ ತಿರುಗಿಸಬಾರದಲ್ಲ. ಬೀಗದ ಕೈ ಬೀಗದವನ ಜೇಬಿನಲ್ಲೇ.

ಪ್ರಾಜೆಕ್ಟ್ ಮ್ಯಾನೇಜರ್ ಗುರುಬಸವರಾಜರು ಹಣೆ ಒತ್ತಿಕೊಂಡರು. "ಕಟ್ಟರ್ ತರ್ರಿ. ಚಾಲೂ ಆಗೋದು ನೋಡಾಕ ಮಾಲೀಕರು ದಾವಣಗೆರೆ ಬಿಟ್ಟಾರ."

"ಅವ್ರಿಗೆ ಫೋನ್ ಹಚ್ಚದ ಕತ್ತರಿಸಂಗಿಲ್ರಿ ಸರ್. ಬರಾಕ ಆಗೋ ಹಂಗಿದ್ರ ಅವ್ರ ಬಂದು ತೆಗೀಬೇಕು. ರೂಲ್ ಐತಿ," ಎಂದಳು ಸಮತಾ.

"ರೂಲ್ ಮಾಡಿದ್ದು ಯಾರು?"

"ನಾನ ರೀ."

"ಹಂಗಾರ ಬಿಡ್ರಿ ಸರ್," ಎಂದ ಯರ್ರಿಸ್ವಾಮಿ, ಸೂರಿನ ತಗಡು ನೋಡುತ್ತ. "ಮೇಡಂ ರೂಲ್ ಮುರಿಯಂಗಿಲ್ಲ. ಅದರಾಗೂ ಈ ಬೀಗದ್ದು."

ಅವಳು ಅವನನ್ನು ಒಮ್ಮೆ ನೋಡಿದಳು. ಅವನಿಗೆ ತಕ್ಷಣ ಬೇರೆ ಕೆಲಸ ನೆನಪಾಯಿತು. ಎಲ್ಲರೆದುರಿಗೇ ಫೋನ್ ಹಚ್ಚಿದಳು.

"ಎಲ್ಲಿ ಅದೀರಿ?"

"ಕೂಡ್ಲಿಗಿ ಬಸ್‌ಸ್ಟ್ಯಾಂಡ್‌ನಾಗ. ಬೆಂಗಳೂರು ಬಸ್ ಬಂದೈತಿ. ಒಂದು ಕಾಲು ಮೆಟ್ಟಿಲ ಮ್ಯಾಲ."

"ಇನ್ನೊಂದು?"

"ನೆಲದ ಮ್ಯಾಲ."

"ಬಾಯ್ಲರ್ ಪಂಪಿಗೆ ನಿಮ್ಮ ಬೀಗ ಐತ್ರಿ."

ಆ ಕಡೆ ಕಂಡಕ್ಟರ್ ಯಾರನ್ನೋ ಬೈಯುತ್ತಿದ್ದ, ಬಹುಶಃ ಅವನನ್ನೇ.

"ಕತ್ತರಿಸಿಬಿಡ್ರಿ ಮೇಡಂ. ಒಪ್ಪಿಗಿ ಕೊಡ್ತೀನಿ."

"ಒಪ್ಪಿಗಿ ಯಾರಿಗೆ ಬೇಕಾಗೈತ್ರಿ? ಬಂದು ತೆಗೀರಿ."

ಬಸ್ಸು ಹೊರಟ ಸದ್ದು ಕೇಳಿಸಿತು. ಅವನು ಅದರೊಳಗಿದ್ದಾನೋ ಹೊರಗಿದ್ದಾನೋ ತಿಳಿಯುವ ಮೊದಲೇ ಫೋನು ಕಟ್ಟಾಯಿತು. ಮಾಲೀಕರು ಬಂದಿಳಿದರು; ಅವರಿಗೆ ಉಪ್ಪಿಟ್ಟು ಬಂತು, ಆಮೇಲೆ ಚಹಾ, ಆಮೇಲೆ ಇನ್ನೊಂದು ಚಹಾ. ತಡಕ್ಕೆ ಕಾರಣ ಕೇಳಿದಾಗ ಅವಳು ತನ್ನ ಹೆಸರನ್ನೇ ಹೇಳಿದಳು.

ಟಂಟಂ ಆಟೋದಿಂದ ಇಳಿದ ಅರುಣ ಯಾರ ಮುಖವನ್ನೂ ನೋಡದೆ ನೇರ ಸ್ವಿಚ್ ರೂಮಿಗೆ ನಡೆದ. ಅವಳು ಹಿಂದೆಯೇ ಹೋದಳು. ಮಿಕ್ಕವರು ಬಾಗಿಲಿನಿಂದ ಸಭ್ಯವಾದ, ಆದರೆ ಕಿವಿಗೆ ನಿಲುಕುವಷ್ಟು ದೂರದಲ್ಲಿ ನಿಂತರು.

"ಒಂದು ಬೀಗನೂ ಮರೆಯಾಂವಲ್ಲ ನೀ," ಎಂದಳು. ಇಲ್ಲಿ ರೀ ಇರಲಿಲ್ಲ. "ಇದನ್ಯಾಕ ಮರೆತಿ?"

ಅವನು ಜೇಬು ತಡಕಿದ. "ನಿನ್ನೆ ಪಂಪಿನ ಕೆಲಸದಾಗ ಇದ್ದೆ. ಅಪ್ಪ ಫೋನ್ ಮಾಡಿದ. ಗುಜರಾತಿಗೆ ಹೋಗೂ ಮುಂಚೆ ಹೆಣ್ಣು ನೋಡಿ ಹೋಗು ಅಂದ. ನೋಡೀನಿ ಅಂದೆ. ಯಾರು ಅಂದ. ಹೇಳಿದೆ. ಯಾರ ಪೈಕಿ ಅಂದ. ಅದನ್ನೂ ಹೇಳಿದೆ."

"ಆಮ್ಯಾಲ?"

"ಫೋನ್ ಇಟ್ಟ. ನಾ ಹಂಗ ಗೇಟ್ ತನಕ ನಡಕೊಂತ ಹೋಗ್ಬಿಟ್ಟೆ. ಬೀಗ ಇಲ್ಲೇ ಉಳೀತು."

"ಬೆಳಿಗ್ಗೆ ಕೈ ಕುಲುಕಿದ್ಯಲ್ಲ. ಆಗ ಹೇಳಾಕ ಏನಾಗಿತ್ತು?"

"ಅಪ್ಪ ಒಪ್ಪಿಲ್ಲಲ್ಲ. ಒಪ್ಪಿದ ಮ್ಯಾಲ ಹೇಳಾಣಂತ..."

"ಒಪ್ಪಬೇಕು ಅಂತ ನಾ ಅಂದಿದ್ನಾ?"

ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಇಷ್ಟು ವರ್ಷ ನಿದ್ದೆಗೆಟ್ಟು ದುಡಿದ ದಣಿವೆಲ್ಲ ಅಲ್ಲೇ, ಆ ನಿಮಿಷದಲ್ಲೇ ಕಾಲಿಗಿಳಿಯಿತು. ಅಳು ಬರುವಂತಿತ್ತು, ಬಂದದ್ದು ನಗೆ. ತುಟಿಯ ಎಡತುದಿ ಮಾತ್ರವಲ್ಲ, ಬಲತುದಿಯೂ ಅಲುಗಿತು. ಅವನಿಗೆ ಅದು ಹೊಸದು. ನೋಡುತ್ತಲೇ ನಿಂತ.

"ಈಗರ ಹೇಳು," ಎಂದಳು. "ಹೋದ ವರ್ಷ ಗಂಟಲದಾಗ ಇಟ್ಕೊಂಡು ಹೋದ್ಯಲ್ಲ, ಅದನ್ನ."

ಹೇಳಿದ. ಎರಡೇ ಮಾತು, ಅದೂ ಬೀಗದ ಕಡೆ ನೋಡುತ್ತ. ಬಾಗಿಲಾಚೆ ಯರ್ರಿಸ್ವಾಮಿ ಕೆಮ್ಮಿದ.

"ಹ್ಞೂಂ," ಎಂದಳು. "ಈಗ ಬೀಗ ತೆಗಿ. ಮಾಲೀಕರಿಗೆ ಕೊಡಾಕ ಇನ್ನ ಚಹಾ ಇಲ್ಲ."

ಬೀಗ ತೆಗೆದ. ಪಂಪು ತಿರುಗಿತು. ಸಂಜೆಗೆ ಬಾಯ್ಲರಿನ ನೆತ್ತಿಯಲ್ಲಿ ಹಬೆ ಕಂಡಿತು. ಅರುಣ ಮರುದಿನದ ಬಸ್ಸಿಗೆ ಹೋದ.

ದೀಪಾವಳಿಗೆ ಅವನು ರಜೆ ಹಾಕಿ ಬಂದಾಗ ಹಡಗಲಿಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಅವನ ತಾಯಿ ಕಲ್ಯಾಣಮ್ಮ ಬಂದು ಗಾಳೆಮ್ಮನ ಪಕ್ಕದ ಕುರ್ಚಿಯಲ್ಲಿ ಕೂತರು. ಮರುಳಪ್ಪ ಬರಲಿಲ್ಲ.