ಇಸಿದೋರರ ಗುಮಟೆ

೧೯೫೮ರ ಫೆಬ್ರವರಿ. ಬಿಕರ್ನಕಟ್ಟೆಯ ಗದ್ದೆಗಳಲ್ಲಿ ಉದ್ದು ಕೀಳುತ್ತಿದ್ದರು. ದಾರಿಬದಿಯ ಮರದಡಿ ಇಸಿದೋರರು ಗುಮಟೆ ಬಾರಿಸುತ್ತಿದ್ದರು. ಚರ್ಮ ಬಿಗಿದ ಆ ಮಣ್ಣಿನ ಕೊಡವನ್ನು ಅಷ್ಟು ಚೆಂದ ನುಡಿಸಿದವರನ್ನು ನಾನು ಬೇರೆ ಕಂಡಿಲ್ಲ. ಹಾಸಿಗೆ ಹಿಡಿದ ಅವರ ಹೆಂಡತಿ ಆಗ್ನೆಸ್‌ಗೆ ಆ ಬಾರಿಸುವ ಕೈಯ ಫೋಟೋ ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

“ಇಸಿದೋರ್ ಪೊರ್ಬುಗಳೇ, ನನ್ನ ಕ್ಯಾಮೆರಾ ನಿಧಾನ. ಕೈ ಅಲ್ಲಾಡಿದರೆ ಮಸುಕಾಗ್ತದೆ, ಸ್ವಲ್ಪ ನಿಲ್ಲಿಸಿ.”

“ಕೈ ನಿಲ್ಲಿಸ್ತೇನೆ ಮಾರಾಯ್ರೆ. ಗುಮಟೆಗೆ ನೀವೇ ಹೇಳಿ,” ಎಂದು ನಕ್ಕರು.

ಎರಡೂ ಕೈ ನಿಂತವು. ಗುಮಟೆ ನಿಲ್ಲಲಿಲ್ಲ, ತಾಳ ತಪ್ಪದೆ, ಮೊದಲಿಗಿಂತ ಇಂಪಾಗಿ ನುಡಿಯಿತು. ನಡುಹಗಲಲ್ಲೂ ನನ್ನ ಪಾದದಡಿಯ ಮಣ್ಣು ತಣ್ಣಗಾಗಿತ್ತು.

ಫೋಟೋದಲ್ಲಿ ಅವರ ಮೀಸೆಯ ಒಂದೊಂದು ಕೂದಲೂ ಸ್ಪಷ್ಟ. ಬೆರಳುಗಳು ಮಾತ್ರ ಹೊಗೆಯಂತೆ ಮಸುಕಾಗಿದ್ದವು.

ನಾಚುತ್ತಲೇ ಅದನ್ನು ಆಗ್ನೆಸ್ ಕೈಗಿಟ್ಟೆ. ಅವರ ಮುಖ ಅರಳಿತು. “ಬಾರಿಸುವ ಕೈಯನ್ನೇ ಹಿಡಿದು ತಂದಿದ್ದೀರಲ್ಲ!”

ನಾನು ತೆಗೆದದ್ದು ನಿಂತ ಕೈಯನ್ನು ಎಂದು ಹೇಳಲಿಲ್ಲ.